ನಾವೇನೂ ಮುಟ್ಟಿಲ್ಲ, ಆದರೂ ಕೆಟ್ಟಿತು

ಈ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ಸಂದರ್ಶನವಿಲ್ಲ. ನಾನೊಬ್ಬಳೇ ಮಾತಾಡ್ತೀನಿ. ಹೊಸ ಸಂಶೋಧನೆಯ ಸುದ್ದಿಯೂ ಇಲ್ಲ. ಬಹಳ ದಿನಗಳಿಂದ ಹೇಳಬೇಕು ಅಂದುಕೊಂಡಿದ್ದ ಒಂದು ಅಭಿಪ್ರಾಯ ಇದೆ. ಅದಕ್ಕೆ ಮೊದಲು ಒಂದು ಕಥೆ ಹೇಳಬೇಕು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಇಲ್ಲೇ ಎದ್ದು ಹೋಗಬೇಡಿ. ನಾನೂ ಜೀವಶಾಸ್ತ್ರದವಳೇ, ಗಣಕ ವಿಜ್ಞಾನ ಓದಿದವಳಲ್ಲ.

ನಾನಿರೋದು ಜರ್ಮನಿಯಲ್ಲಿ. ನಮ್ಮ ಲ್ಯಾಬಿನ ಕೆಲಸ ಸಸ್ಯಗಳ ಬೇರಿನ ಮೇಲೆ. ನೀರು ಕಡಿಮೆಯಾದಾಗ ಬೇರಿನಲ್ಲಿ ಯಾವ ಜೀನು ಎದ್ದೇಳುತ್ತೆ, ಯಾವುದು ಮಲಗುತ್ತೆ ಅಂತ ನೋಡ್ತೀವಿ. ಬೇರಿನಿಂದ ಆರ್‌ಎನ್‌ಎ ತೆಗೆದು ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ಕೋಟಿಗಟ್ಟಲೆ ತುಣುಕುಗಳ ಓದು ವಾಪಸ್ ಬರುತ್ತೆ. ಅದನ್ನೆಲ್ಲ ಎಣಿಸಿ, ಜೀನುಗಳಿಗೆ ಹಂಚಿ, ಒಂದು ಕೋಷ್ಟಕ ಮಾಡೋದಕ್ಕೆ ಒಂದು ಪೈಪ್‌ಲೈನ್ ಬೇಕು. ನಮ್ಮ ಪೈಪ್‌ಲೈನ್ ಬರೆದವರು ಒಬ್ಬ ಪೋಸ್ಟ್‌ಡಾಕ್. 2021ರಲ್ಲಿ ಬರೆದರು, 2022ರಲ್ಲಿ ಅವರ ಕಾಂಟ್ರಾಕ್ಟ್ ಮುಗಿಯಿತು, ಒಂದು ಕಂಪನಿಗೆ ಹೋದರು. ಜಾಣರು, ಒಳ್ಳೆಯವರು. ಹೋಗುವಾಗ ಪೈಪ್‌ಲೈನಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಮೂವತ್ತಕ್ಕೂ ಹೆಚ್ಚು ಹೆಸರುಗಳು, ಪ್ರತಿಯೊಂದರ ಮುಂದೆ ನಿಖರವಾದ ಆವೃತ್ತಿ ಸಂಖ್ಯೆ. ಆವೃತ್ತಿಗೆ ಮೊಳೆ ಹೊಡೆಯೋದು ಅಂತ ನಾವು ಹೇಳ್ತೀವಿ. ಮೊಳೆ ಹೊಡೆದ ಮೇಲೆ ಅದು ಅಲುಗಾಡಬಾರದು.

2023ರ ಜುಲೈ. ಮಾಸ್ಟರ್ಸ್ ಪ್ರಬಂಧಕ್ಕೆ ಅಂತ ನಮ್ಮಲ್ಲಿ ಧಾರವಾಡದ ಒಬ್ಬ ಹುಡುಗಿ ಇದ್ದಳು. ಶುಕ್ರವಾರ, ಅಂದರೆ 14ನೇ ತಾರೀಕು, ತನ್ನ ಲ್ಯಾಪ್‌ಟಾಪಿನಲ್ಲಿ ಆ ಪಟ್ಟಿಯ ಪ್ರಕಾರ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಸಣ್ಣ ಪರೀಕ್ಷೆ ಓಡಿಸಿ, ಖುಷಿಯಾಗಿ ಮನೆಗೆ ಹೋದಳು. ಮಂಗಳವಾರ ಅದನ್ನೇ ದೊಡ್ಡ ಸರ್ವರಿನಲ್ಲಿ ಮಾಡಲು ಕೂತಳು. ಅದೇ ಪಟ್ಟಿ, ಅದೇ ಪೈಥಾನ್ 3.10. ಪರದೆಯ ತುಂಬ ಕೆಂಪು ಅಕ್ಷರ. ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: "ಅಕ್ಕಾರ, ಶುಕ್ರವಾರ ಛಲೋ ನಡದಿತ್ತರಿ. ನಾ ಏನೂ ಮುಟ್ಟಿಲ್ಲರಿ."

ನಾನು ಏನು ಮಾಡಿದೆ ಗೊತ್ತಾ? "ಏನೋ ಟೈಪ್ ಮಾಡೋದ್ರಲ್ಲಿ ತಪ್ಪಾಗಿರುತ್ತೆ, ಹೊಸದಾಗಿ ಶುರು ಮಾಡು" ಅಂದೆ. ಕೈಯಲ್ಲಿ ಪಿಪೆಟ್ ಇತ್ತು, ತಲೆಯಲ್ಲಿ ಬೇರೆ ಕೆಲಸ ಇತ್ತು.

ಅವಳು ಹೊಸದಾಗಿ ಶುರು ಮಾಡಿದಳು. ಬುಧವಾರವೂ ಮಾಡಿದಳು. ಪಿಪ್ ಅನ್ನು ಹೊಸದು ಮಾಡಿದಳು. ಪಿಪ್ ಅಂದರೆ ಪೈಥಾನ್ ಪ್ಯಾಕೇಜುಗಳನ್ನು ತಂದು ಕೂರಿಸುವ ಸಾಧನ. ಅಕ್ಕಪಕ್ಕದ ನಾಲ್ಕು ಪ್ಯಾಕೇಜುಗಳನ್ನು ಹೊಸದು ಮಾಡಿದಳು, ಆಮೇಲೆ ಹಳೆಯದಕ್ಕೆ ಮರಳಿದಳು. ಗುರುವಾರ ನಮ್ಮ ವಾರದ ಲ್ಯಾಬ್ ಮೀಟಿಂಗ್. ಅವಳ ಸ್ಲೈಡಿನಲ್ಲಿ ಒಂದೇ ಸಾಲು: ಈ ವಾರ ಪ್ರಗತಿ ಇಲ್ಲ. ಯಾರೂ ಏನೂ ಕೇಳಲಿಲ್ಲ. ನಾನೂ ತಲೆಯಾಡಿಸಿ ಮುಂದಿನವರ ಸ್ಲೈಡ್ ನೋಡಿದೆ. ಪ್ರಬಂಧ ಒಪ್ಪಿಸಲು ಅವಳಿಗೆ ಉಳಿದಿದ್ದದ್ದು ಆರು ವಾರ.

ಶುಕ್ರವಾರ ಬೆಳಗ್ಗೆ ಕಾಫಿ ತಗೊಂಡು ಅವಳ ಪಕ್ಕ ಕೂತೆ. ಮೊದಲು ಮಾಡಿದ್ದು ಕೆಂಪು ಅಕ್ಷರಗಳನ್ನು ಮೇಲಿನಿಂದ ಓದಿದ್ದು. ಎಲ್ಲರೂ ಕೊನೆಯ ಸಾಲನ್ನು ಓದ್ತಾರೆ, ಯಾಕಂದ್ರೆ ಪರದೆ ನಿಲ್ಲೋದು ಅಲ್ಲೇ. ಬಿಲ್ಡ್ ಎರರಿನಲ್ಲಿ ಕೊನೆಯ ಸಾಲು ಸಾಮಾನ್ಯವಾಗಿ ಶವ ಸಿಕ್ಕ ಜಾಗ, ಕೊಲೆ ನಡೆದ ಜಾಗ ಅಲ್ಲ. ಪಾಪ, ಪಿಪ್ ಅದನ್ನು ಬಾಯಿಬಿಟ್ಟು ಹೇಳುತ್ತೆ ಕೂಡ: ಈ ದೋಷ ಒಳಗೆ ಓಡುತ್ತಿದ್ದ ಇನ್ನೊಂದು ಕೆಲಸದಿಂದ ಬಂದದ್ದು, ಬಹುಶಃ ನನ್ನದಲ್ಲ ಅಂತ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗೆ ಬೈಸಿಕೊಳ್ಳೋದು ಮಾತ್ರ ಯಾವಾಗಲೂ ಪಿಪ್.

ಮೇಲೆ ಹೋದಾಗ ಸಿಕ್ಕಿದ್ದು ಎರಡು ಮಾತು. ಒಂದು, ಕೆಟ್ಟಿದ್ದ ಪ್ಯಾಕೇಜಿನ ಹೆಸರು: ಪೈಯಾಮಲ್ 5.4.1. ಯಾಮಲ್ ಅನ್ನೋದು ಸೆಟ್ಟಿಂಗ್‌ಗಳನ್ನು ಬರೆದಿಡುವ ಒಂದು ಸರಳ ಕಡತ ರೂಪ. ಯಾವ ಸ್ಯಾಂಪಲ್ಲು, ಯಾವ ಜೀನೋಮು ಅಂತ ನಾವು ಅದರಲ್ಲೇ ಬರೀತೀವಿ. ಅದನ್ನು ಪೈಥಾನಿಗೆ ಓದಿ ಹೇಳೋದು ಪೈಯಾಮಲ್. ಎರಡನೆಯದು, ನಿಜವಾದ ದೂರು: ಆಟ್ರಿಬ್ಯೂಟ್ ಎರರ್, ಸೈಥಾನ್ ಸೋರ್ಸಸ್. ಅಂದರೆ ಆ ಹೆಸರಿನ ಏನನ್ನೋ ಹುಡುಕಿದೆ, ಸಿಗಲಿಲ್ಲ.

ಸೈಥಾನ್! ನಮ್ಮ ಪಟ್ಟಿಯಲ್ಲಿ ಸೈಥಾನ್ ಅನ್ನೋ ಹೆಸರೇ ಇಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಪೈಥಾನ್ ಪ್ಯಾಕೇಜುಗಳು ಎರಡು ರೂಪದಲ್ಲಿ ಸಿಗುತ್ತವೆ. ಒಂದು, ಅಂಗಡಿಯ ಇಡ್ಲಿ ಹಿಟ್ಟಿನ ಪ್ಯಾಕೆಟ್ ಥರ: ಯಾರೋ ಆಗಲೇ ನೆನೆಸಿ, ರುಬ್ಬಿ, ಕಟ್ಟಿಟ್ಟಿರ್ತಾರೆ. ಇದಕ್ಕೆ ವೀಲ್ ಅಂತ ಹೆಸರು. ಇನ್ನೊಂದು ಅಕ್ಕಿ, ಉದ್ದಿನಬೇಳೆ ರೂಪದ್ದು: ಮೂಲ ಕೋಡು. ಅದನ್ನು ತಂದರೆ ನಿಮ್ಮ ಯಂತ್ರದಲ್ಲೇ ರುಬ್ಬಬೇಕು. ಈ ರುಬ್ಬೋದಕ್ಕೇ ಬಿಲ್ಡ್ ಅಂತ ಹೆಸರು. ಪೈಯಾಮಲ್ ವೇಗವಾಗಿ ಓಡಲಿ ಅಂತ ಅದರ ಒಂದು ಭಾಗವನ್ನು ಸೈಥಾನ್ ಎಂಬ ಸಾಧನ ಸಿ ಭಾಷೆಗೆ ತಿರುಗಿಸಿ ಕೊಡುತ್ತೆ. ಅಂದರೆ ಸೈಥಾನ್ ಇಲ್ಲಿ ಗ್ರೈಂಡರ್. ಪೈಯಾಮಲ್ 5.4.1 ಬಂದಾಗ ಪೈಥಾನ್ 3.9ರವರೆಗೆ ಮಾತ್ರ ಹಿಟ್ಟಿನ ಪ್ಯಾಕೆಟ್ ಮಾಡಿಟ್ಟಿದ್ದರು. ನಮ್ಮ ಪೈಥಾನ್ 3.10. ಪ್ಯಾಕೆಟ್ ಇಲ್ಲ, ಆದ್ದರಿಂದ ಪಿಪ್ ಸದ್ದಿಲ್ಲದೆ ಅಕ್ಕಿ-ಬೇಳೆ ತಂದು ರುಬ್ಬುತ್ತಿತ್ತು. ವರ್ಷದಿಂದ ಹಾಗೇ ರುಬ್ಬುತ್ತಿತ್ತು, ನಮಗೆ ಗೊತ್ತೇ ಇರಲಿಲ್ಲ.

ಸರಿ, ಗ್ರೈಂಡರ್ ಎಲ್ಲಿಂದ ಬಂತು? 2018ರಿಂದ ಈಚೆಗೆ ಪಿಪ್ ಒಂದು ಪದ್ಧತಿ ಇಟ್ಟುಕೊಂಡಿದೆ. ರುಬ್ಬುವ ಕೆಲಸಕ್ಕೆ ನಿಮ್ಮ ಅಡುಗೆಮನೆಯ ಸಾಮಾನು ಮುಟ್ಟೋದಿಲ್ಲ. ಮದುವೆ ಮನೆಗೆ ಬರೋ ಅಡುಗೆ ಭಟ್ಟರು ತಮ್ಮದೇ ಪಾತ್ರೆ-ಪಗಡೆ ತರ್ತಾರಲ್ಲ, ಹಾಗೆ. ಹಿತ್ತಲಲ್ಲಿ ಒಂದು ತಾತ್ಕಾಲಿಕ ಕೋಣೆ ಕಟ್ಟಿ, ಪ್ಯಾಕೇಜು ಹೇಳಿದ ಸಾಧನಗಳನ್ನು ಅಲ್ಲಿಗೆ ಇಳಿಸಿ, ಕೆಲಸ ಮುಗಿದ ಮೇಲೆ ಕೋಣೆಯನ್ನೇ ಕೆಡವುತ್ತೆ. ಒಳ್ಳೆಯ ಪದ್ಧತಿ. ಆದರೆ ಪೈಯಾಮಲ್ 5.4.1 ತನಗೆ ಬೇಕಾದ ಸಾಮಾನಿನ ಚೀಟಿಯಲ್ಲಿ "ಸೈಥಾನ್" ಅಂತಷ್ಟೇ ಬರೆದಿತ್ತು. ಯಾವ ಆವೃತ್ತಿ ಅಂತ ಬರೆದಿರಲಿಲ್ಲ. ಬರೆಯದಿದ್ದರೆ ಪಿಪ್ ತರೋದು ಆ ದಿನದ ಅತ್ಯಂತ ಹೊಸದನ್ನು.

ಸೈಥಾನ್ 3.0 ಬಿಡುಗಡೆಯಾಗಿದ್ದು 2023ರ ಜುಲೈ 17, ಸೋಮವಾರ. ಶುಕ್ರವಾರಕ್ಕೂ ಮಂಗಳವಾರಕ್ಕೂ ನಡುವೆ.

ಹಳೆಯ ಸೈಥಾನಿನ ಒಂದು ಒಳಗಿನ ಸಲಕರಣೆಯನ್ನು ಪೈಯಾಮಲ್‌ನ ಬಿಲ್ಡ್ ಸ್ಕ್ರಿಪ್ಟ್ ಹೆಸರು ಹಿಡಿದು ಕರೆಯುತ್ತಿತ್ತು. 3.0ರಲ್ಲಿ ಆ ಜಾಗಕ್ಕೆ ಹೊಸ ಸಲಕರಣೆ ಬಂದು ಕೂತಿತ್ತು, ಅದಕ್ಕೆ ಆ ಹೆಸರಿಲ್ಲ. ಅಷ್ಟೇ ಕಥೆ. ಜಗತ್ತಿನಲ್ಲಿ ಆ ವಾರ ಎಷ್ಟೋ ಜನರ ಪರದೆಯ ಮೇಲೆ ಇದೇ ಸಾಲು ಬಂತು, ಮುಕ್ಕಾಲು ಪಾಲು ಜನ "ನಾನೇ ಏನೋ ತಪ್ಪು ಮಾಡಿದೆ" ಅಂತಲೇ ಅಂದುಕೊಂಡಿರಬೇಕು.

ಅವಳು ಬುಧವಾರ ಹಳೆಯ ಸೈಥಾನ್ 0.29 ಅನ್ನು ಇನ್‌ಸ್ಟಾಲ್ ಮಾಡಿಯೂ ನೋಡಿದ್ದಳು! ಸರಿಯಾದ ಜಾಗದ ಹತ್ತಿರವೇ ಬಂದಿದ್ದಳು. ಏನೂ ಬದಲಾಗಲಿಲ್ಲ, ಹಾಗಾಗಿ ಆ ದಾರಿ ಬಿಟ್ಟಳು. ಯಾಕೆ ಬದಲಾಗಲಿಲ್ಲ? ಅವಳು ಗ್ರೈಂಡರ್ ತಂದಿಟ್ಟದ್ದು ತನ್ನ ಅಡುಗೆಮನೆಗೆ. ಭಟ್ಟರು ರುಬ್ಬುತ್ತಿದ್ದದ್ದು ಹಿತ್ತಲ ಕೋಣೆಯಲ್ಲಿ. ಇನ್ನೊಂದು ಒಗಟು: ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದರೂ ಸರಿಯಾಗಿ ನಡೆಯುತ್ತಿತ್ತು, ಸರ್ವರಿನಲ್ಲಿ ಮಾತ್ರ ಇಲ್ಲ. ಅದಕ್ಕೂ ಕಾರಣ ಇದೆ. ಒಮ್ಮೆ ರುಬ್ಬಿದ ಹಿಟ್ಟನ್ನು ಪಿಪ್ ತನ್ನ ಫ್ರಿಜ್ಜಿನಲ್ಲಿ ಎತ್ತಿಡುತ್ತೆ. ಶುಕ್ರವಾರ ರುಬ್ಬಿದ್ದು ಲ್ಯಾಪ್‌ಟಾಪಿನಲ್ಲಿತ್ತು. "ನನ್ನ ಯಂತ್ರದಲ್ಲಿ ನಡೀತಿದೆಯಲ್ಲ" ಅನ್ನೋ ಮಾತು ಎಷ್ಟು ಮೋಸದ್ದು ಅಂತ ಆವತ್ತು ಇಬ್ಬರೂ ಕಲಿತೆವು.

ಆ ದಿನದ ಪರಿಹಾರ ಒಂದೇ ಸಾಲಿನದು. "ಸೈಥಾನ್ 3ಕ್ಕಿಂತ ಹಳೆಯದು" ಅಂತ ಒಂದು ಸಣ್ಣ ಕಡತದಲ್ಲಿ ಬರೆದು, ಪಿಪ್ ಕನ್‌ಸ್ಟ್ರೇಂಟ್ ಅನ್ನೋ ಪರಿಸರ ಚರದ ಮೂಲಕ ಅದನ್ನು ಪಿಪ್‌ಗೆ ತೋರಿಸಿದೆವು. ಆಗಿನ ಪಿಪ್‌ನಲ್ಲಿ ಹಾಗೆ ಕೊಟ್ಟರೆ ಹಿತ್ತಲ ಕೋಣೆಗೂ ಆ ನಿಯಮ ಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು. ನಾಲ್ಕು ದಿನದ ಕೆಲಸ, ಹತ್ತು ನಿಮಿಷದ ಪರಿಹಾರ. ಈ ಕೆಲಸವನ್ನು ಯಾರೂ ಲೆಕ್ಕಕ್ಕೆ ತಗೊಳ್ಳದೆ ಇರೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ. ಹೊರಗಿನವರಿಗೆ ಕಾಣೋದು ಆ ಒಂದು ಸಾಲು ಮಾತ್ರ.

ಹಾಗಂತ ಸೈಥಾನ್ ತಂಡದವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. 3.0 ಏಕಾಏಕಿ ಬಂದದ್ದಲ್ಲ. 2020ರಿಂದಲೇ ಆಲ್ಫಾ, ಬೀಟಾ ಆವೃತ್ತಿಗಳನ್ನು ಹೊರಗೆ ಬಿಡುತ್ತಲೇ ಇದ್ದರು. ಆದರೆ ಪಿಪ್ ತಾನಾಗಿಯೇ ಆಲ್ಫಾ, ಬೀಟಾಗಳನ್ನು ತರೋದಿಲ್ಲ. ಹಾಗಾಗಿ ಮೂರು ವರ್ಷ ಬಾಗಿಲು ತಟ್ಟಿದ್ದು ಬಹಳ ಮಂದಿಗೆ ಕೇಳಿಸಲೇ ಇಲ್ಲ. ಪೈಯಾಮಲ್ ತಂಡವೂ ಸುಮ್ಮನೆ ಕೂರಲಿಲ್ಲ, ಒಂದೆರಡು ದಿನದೊಳಗೆ 6.0.1 ಬಿಟ್ಟರು. ಅದರ ಚೀಟಿಯಲ್ಲಿ ಸೈಥಾನ್ 3ಕ್ಕಿಂತ ಹಳೆಯದು ಬೇಕು ಅಂತ ಸ್ಪಷ್ಟವಾಗಿತ್ತು. ಆದರೆ 5.4.1 ಕೆಟ್ಟದ್ದು ಕೆಟ್ಟಂತೆಯೇ ಉಳಿಯಿತು. ಒಮ್ಮೆ ಪ್ರಕಟಿಸಿದ ಕಡತವನ್ನು ಪೈಥಾನಿನ ಭಂಡಾರದಲ್ಲಿ ಬದಲಾಯಿಸೋಕೆ ಬಿಡೋದಿಲ್ಲ. ಬಿಡಬಾರದು ಕೂಡ.

ಹಾಗಾದ್ರೆ 6.0.1ಕ್ಕೆ ಹೋಗಿಬಿಡೋದು ತಾನೇ? ನಾವೂ ಹಾಗೇ ಅಂದುಕೊಂಡು ಆಗಸ್ಟಿನಲ್ಲಿ ಹೋದೆವು. ಇನ್‌ಸ್ಟಾಲ್ ಸರಾಗ. ಪೈಪ್‌ಲೈನ್ ಓಡಿಸಿದರೆ ಮೊದಲ ಹೆಜ್ಜೆಯಲ್ಲೇ ಎಡವಿತು: ಲೋಡರ್ ಯಾವುದು ಅಂತ ಹೇಳಿಲ್ಲ ಅನ್ನೋ ದೂರು. ಆಗ ಗೊತ್ತಾಯಿತು ನಮ್ಮ ಹಳೆಯ ಪೋಸ್ಟ್‌ಡಾಕ್ ಯಾಕೆ 5.4.1ಕ್ಕೇ ಮೊಳೆ ಹೊಡೆದಿದ್ದರು ಅಂತ. ಯಾಮಲ್ ಕಡತವನ್ನು ಸುಮ್ಮನೆ "ಓದು" ಅಂದರೆ, ಅದರೊಳಗೆ ಕಿಡಿಗೇಡಿಗಳು ಬರೆದಿಟ್ಟ ಆಜ್ಞೆಯನ್ನೂ ನಡೆಸಿಬಿಡುವ ಅಪಾಯ ಹಳೆಯ ಪೈಯಾಮಲ್‌ನಲ್ಲಿತ್ತು. 2019ರಲ್ಲಿ 5.1 ಬಂದಾಗಿನಿಂದ ಅದು ಎಚ್ಚರಿಕೆ ಕೊಡುತ್ತಿತ್ತು. 2021ರಲ್ಲಿ ಬಂದ 6.0ರಿಂದ ಆ ಎಚ್ಚರಿಕೆ ದೋಷವಾಯಿತು. ನಮ್ಮ ಕೋಡು ಎರಡು ವರ್ಷ ಎಚ್ಚರಿಕೆಯನ್ನು ನುಂಗಿಕೊಂಡೇ ಓಡುತ್ತಿತ್ತು. ಮೊಳೆ ಹೊಡೆದದ್ದು ಶಿಸ್ತಿನಿಂದ ಅಂತ ನಾವೆಲ್ಲ ಮೆಚ್ಚಿಕೊಂಡಿದ್ದೆವು. ಅರ್ಧ ಅದು ಮುಂದೂಡಿದ ಕೆಲಸ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡ್ತಿದ್ದೆ. ಕಾಂಟ್ರಾಕ್ಟ್ ಮುಗಿಯೋಕೆ ನಾಲ್ಕು ತಿಂಗಳಿದ್ದಾಗ ಯಾರು ಎಚ್ಚರಿಕೆ ಸರಿಪಡಿಸ್ತಾ ಕೂರ್ತಾರೆ, ಪೇಪರ್ ಬರೀತಾರೆ.

ಯಾಮಲ್ ವಿಷಯ ಬಂತು ಅಂತ ಒಂದು ಮಾತು, ಸಸ್ಯ ವಿಜ್ಞಾನದವರಿಗೆ. ನೈಟ್ರಿಕ್ ಆಕ್ಸೈಡ್ ಕೊಟ್ಟ ಸ್ಯಾಂಪಲ್ ಗುಂಪಿಗೆ ಅದರ ರಾಸಾಯನಿಕ ಸೂತ್ರವನ್ನೇ, ಅಂದರೆ ಇಂಗ್ಲಿಷಿನ ಎನ್, ಓ ಎಂಬ ಎರಡು ದೊಡ್ಡ ಅಕ್ಷರಗಳನ್ನು, ಹೆಸರಾಗಿ ಇಡಬೇಡಿ. ಪೈಯಾಮಲ್ ಅದನ್ನು "ಇಲ್ಲ" ಅಂತ ಓದಿ, ಸುಳ್ಳು ಎಂಬ ತಾರ್ಕಿಕ ಬೆಲೆ ಮಾಡಿಬಿಡುತ್ತೆ. ಉದ್ಧರಣ ಚಿಹ್ನೆಯೊಳಗೆ ಬರೆದರೆ ತೊಂದರೆಯಿಲ್ಲ.

ಇದೇ ನನ್ನನ್ನು ನಿಜವಾಗಿ ಹೆದರಿಸೋದು. ಬಿಲ್ಡ್ ಎರರ್ ಕೂಗುತ್ತೆ, ಕೆಲಸ ನಿಲ್ಲಿಸುತ್ತೆ. ಕೂಗದೆ ಬದಲಾಗೋ ವಸ್ತುಗಳೂ ಇವೆ. 2019ರ ಏಪ್ರಿಲ್‌ನಲ್ಲಿ ಆರ್ ಭಾಷೆಯ 3.6.0 ಬಂತು. ಯಾದೃಚ್ಛಿಕವಾಗಿ ಸ್ಯಾಂಪಲ್ ಆರಿಸುವ ಅದರ ವಿಧಾನದಲ್ಲಿ ಒಂದು ಸಣ್ಣ ಪಕ್ಷಪಾತ ಇತ್ತು, ಅದನ್ನು ಸರಿಪಡಿಸಿದರು. ಒಳ್ಳೆಯ ಕೆಲಸ. ಆದರೆ ಅಲ್ಲಿಂದ ಮುಂದೆ, ಅದೇ ಸೀಡ್ ಸಂಖ್ಯೆ ಕೊಟ್ಟರೂ ಹಿಂದೆ ಬರುತ್ತಿದ್ದ ಸ್ಯಾಂಪಲ್ ಬರೋದಿಲ್ಲ. ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದಿದ್ದಾರೆ, ಆದರೆ ಹಳೆಯ ಸ್ಕ್ರಿಪ್ಟನ್ನು ಹೊಸ ಆರ್‌ನಲ್ಲಿ ಓಡಿಸುವವರಲ್ಲಿ ಎಷ್ಟು ಜನ ಆ ಟಿಪ್ಪಣಿ ಓದ್ತಾರೆ? ಕೆಂಪು ಅಕ್ಷರ ಒಂದೂ ಬರೋದಿಲ್ಲ. ಕೋಷ್ಟಕ ಬರುತ್ತೆ, ಚಿತ್ರ ಬರುತ್ತೆ, ಸ್ವಲ್ಪ ಬೇರೆಯಾಗಿರುತ್ತೆ.

ಅದಕ್ಕೇ ನಾವು ಆಗಸ್ಟಿನಲ್ಲಿ ಪೈಯಾಮಲ್ ಬದಲಾಯಿಸಿದಾಗ, ಇನ್‌ಸ್ಟಾಲ್ ಆಯಿತು ಅಂತ ಕೈ ತೊಳೆದುಕೊಳ್ಳಲಿಲ್ಲ. ಹಳೆಯ ಪರಿಸರದಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಅದೇ ಎರಡು ಸ್ಯಾಂಪಲ್ ಓಡಿಸಿ, ಎಣಿಕೆಯ ಕೋಷ್ಟಕಗಳನ್ನು ಸಾಲು ಸಾಲಾಗಿ ಹೋಲಿಸಿದೆವು. ಹೊಂದಿದವು. ಇದು ನಮಗೆ ಹೊಸದೇನಲ್ಲ ನೋಡಿ. ಸೆಲ್ ಕಲ್ಚರ್ ಮಾಡುವ ಲ್ಯಾಬುಗಳಲ್ಲಿ ಸೀರಮ್‌ನ ಹೊಸ ಲಾಟ್ ಬಂದರೆ, ಹಳೆಯದು ಮುಗಿಯೋ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡ್ತಾರೆ. ಆಂಟಿಬಾಡಿಯ ಲಾಟ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ. ಅಷ್ಟು ಜಾಗ್ರತೆಯ ಜನ, ಕಂಪ್ಯೂಟರ್ ಮುಂದೆ ಕೂತ ತಕ್ಷಣ "ಎಲ್ಲ ಅಪ್‌ಗ್ರೇಡ್ ಮಾಡು" ಅಂತ ಒತ್ತಿಬಿಡ್ತೀವಿ. ಇಲ್ಲಾಂದ್ರೆ ಐದು ವರ್ಷ ಮುಟ್ಟೋದೇ ಇಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ ಡಿಎಫ್‌ಜಿ 2019ರಲ್ಲಿ ಉತ್ತಮ ಸಂಶೋಧನಾ ನಡವಳಿಕೆಯ ಸಂಹಿತೆಯೊಂದನ್ನು ತಂದಿತು. ಅದರ 17ನೇ ಮಾರ್ಗಸೂಚಿ ದತ್ತಾಂಶವನ್ನು, ಅದಕ್ಕೆ ಆಧಾರವಾದ ಸಾಮಗ್ರಿಯನ್ನು, ಬಳಸಿದ ಸಂಶೋಧನಾ ಸಾಫ್ಟ್‌ವೇರನ್ನು ಜೋಪಾನವಾಗಿ ಇಡಬೇಕು ಅನ್ನುತ್ತೆ. ಪ್ರಕಟವಾದ ಫಲಿತಾಂಶದ ಹಿಂದಿನ ದತ್ತಾಂಶವನ್ನಂತೂ ಸಾಮಾನ್ಯವಾಗಿ 10 ವರ್ಷ. ನನಗೆ ಈ ನಿಯಮ ಇಷ್ಟ. ತೆರಿಗೆ ಕಟ್ಟುವವರ ದುಡ್ಡಿನಲ್ಲಿ ಮಾಡಿದ ಲೆಕ್ಕವನ್ನು ಹತ್ತು ವರ್ಷ ಆದ ಮೇಲೂ ಯಾರಾದರೂ ಕೇಳಿದರೆ ತೋರಿಸೋಕೆ ಬರಬೇಕು.

ಅದೇ ದೇಶದಲ್ಲಿ 2007ರಿಂದ ಇನ್ನೊಂದು ಕಾನೂನಿದೆ, ವಿಶ್ವವಿದ್ಯಾಲಯದ ಸಂಶೋಧಕರ ತಾತ್ಕಾಲಿಕ ನೇಮಕದ್ದು. ಸಾಮಾನ್ಯ ಲೆಕ್ಕದಲ್ಲಿ ಡಾಕ್ಟರೇಟಿಗೆ ಮೊದಲು 6 ವರ್ಷ, ಆಮೇಲೆ 6 ವರ್ಷ ತಾತ್ಕಾಲಿಕ ಕೆಲಸ ಮಾಡಬಹುದು. ಅಷ್ಟರೊಳಗೆ ಕಾಯಂ ಜಾಗ ಸಿಗದಿದ್ದರೆ ಬಹುಮಟ್ಟಿಗೆ ಹೊರಗೆ. ಆ 6 ವರ್ಷವೂ ಒಂದೇ ಕಾಂಟ್ರಾಕ್ಟಲ್ಲ, ಒಂದು ವರ್ಷ, ಎರಡು ವರ್ಷ ಅಂತ ತುಂಡು ತುಂಡು. ಈ ಕಾನೂನನ್ನು ವಿವರಿಸೋಕೆ ಕೇಂದ್ರ ಸಂಶೋಧನಾ ಸಚಿವಾಲಯ ಒಂದು ಕಾರ್ಟೂನ್ ವಿಡಿಯೋ ಮಾಡಿತ್ತು. ಅದರ ನಾಯಕಿಯ ಹೆಸರು ಹನ್ನಾ, ಡಾಕ್ಟರೇಟ್ ಮಾಡ್ತಿರೋ ಜೀವಶಾಸ್ತ್ರಜ್ಞೆ. ಒಂದೇ ತಲೆಮಾರು ಎಲ್ಲ ಹುದ್ದೆಗಳಲ್ಲಿ ಕೂತು ದಾರಿ ಕಟ್ಟಿಹಾಕಬಾರದು ಅನ್ನೋ ಅರ್ಥದ ಮಾತು ಅದರಲ್ಲಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು "ನಾನೇ ಹನ್ನಾ" ಅಂತ ಬರೆದು ಸಿಟ್ಟು ಹೊರಹಾಕಿದರು. ನಾನೂ ಬರೆದೆ. ಚರಂಡಿಯಲ್ಲಿ ಕಟ್ಟಿಕೊಂಡ ಕಸದ ಥರ ನಮ್ಮನ್ನು ಕಂಡರಲ್ಲ ಅನ್ನೋ ನೋವು ಅದು.

ಈ ಎರಡು ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕ 10 ವರ್ಷ ಉಳಿಯಬೇಕು. ಲೆಕ್ಕದ ಯಂತ್ರವನ್ನು ಬಲ್ಲವರು ಎರಡು ಮೂರು ವರ್ಷಕ್ಕೆ ಹೊರಡಬೇಕು. ಯಂತ್ರದ ಬಿಡಿಭಾಗಗಳೋ, ನಮಗೆ ಹೆಸರೂ ಗೊತ್ತಿಲ್ಲದವರು ಯಾವುದೋ ಸೋಮವಾರ ಬದಲಾಯಿಸ್ತಾರೆ. ಈ ಮೂರರ ನಡುವೆ ಬಿರುಕು ಬಿಟ್ಟಾಗ ಸಿಕ್ಕಿಹಾಕಿಕೊಳ್ಳೋದು ಕೈಯಲ್ಲಿ ಆರು ವಾರ ಇರುವ ಮಾಸ್ಟರ್ಸ್ ವಿದ್ಯಾರ್ಥಿನಿ. "ಪ್ರಗತಿ ಇಲ್ಲ" ಅಂತ ಬರೆಯೋದೂ ಅವಳೇ.

ಇದಕ್ಕೆ ನನ್ನ ಸಹೋದ್ಯೋಗಿಗಳು ಹೇಳೋ ಉತ್ತರ ಒಂದಿದೆ: ಎಲ್ಲವನ್ನೂ ಒಂದು ಕಂಟೇನರಿನಲ್ಲಿ ಹಾಕಿ ಸೀಲ್ ಮಾಡಿಬಿಡಿ, ಆಯ್ತಲ್ಲ. ಕಂಟೇನರ್ ಒಳ್ಳೆಯದೇ, ನಾವೂ ಮಾಡ್ತೀವಿ. ಉಪ್ಪಿನಕಾಯಿ ಭರಣಿ ಥರ ಅದು, ಹಾಕಿದ ದಿನದ ರುಚಿ ಉಳಿಸುತ್ತೆ. ಆದರೆ ಪೇಪರಿನ ವಿಮರ್ಶಕರು "ಈ ಹೊಸ ವಿಧಾನದಲ್ಲೂ ಒಮ್ಮೆ ನೋಡಿ" ಅಂದಾಗ ಆ ಹೊಸ ವಿಧಾನ ಭರಣಿಯೊಳಗೆ ಇರೋದಿಲ್ಲ. ಹಾಕೋಕೆ ಮುಚ್ಚಳ ತೆಗೆಯಬೇಕು, ತೆಗೆದ ತಕ್ಷಣ ಮತ್ತೆ ಅದೇ ರುಬ್ಬೋ ಕೆಲಸ. ಇನ್ನೊಂದು, ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಇಟ್ಟವರು ಅದು ಬದುಕಿದೆ ಅಂತ ಬರೀ ಲೇಬಲ್ ನೋಡಿ ಹೇಳ್ತಾರಾ? ಸ್ವಲ್ಪ ಕೆರೆದು ಪ್ಲೇಟಿಗೆ ಹಚ್ಚಿ ನೋಡಬೇಕು. ಪೈಪ್‌ಲೈನೂ ಹಾಗೆಯೇ. ನಾವೀಗ ವರ್ಷಕ್ಕೆರಡು ಸಲ, ಏನೂ ಇಲ್ಲದ ಖಾಲಿ ಯಂತ್ರದಲ್ಲಿ, ಫ್ರಿಜ್ಜಿನ ಹಿಟ್ಟು ಮುಟ್ಟದೆ, ಮೊದಲಿನಿಂದ ಕಟ್ಟಿ ನೋಡ್ತೀವಿ. ಕೆಟ್ಟರೆ ಕೆಡಲಿ, ಯಾರ ಕೊರಳ ಮೇಲೂ ಗಡುವು ಇಲ್ಲದ ದಿನ ಕೆಡಲಿ.

ಇನ್ನೊಂದು ವಾದ: ಇದೆಲ್ಲ ಐಟಿಯವರ ಕೆಲಸ, ವಿಜ್ಞಾನಿಗಳದ್ದಲ್ಲ. ಇದನ್ನು ನಾನು ಒಪ್ಪೋದಿಲ್ಲ. ಐಟಿ ವಿಭಾಗದವರು ಸರ್ವರ್ ನೋಡಿಕೊಳ್ತಾರೆ. ಎಣಿಕೆಯ ಕೋಷ್ಟಕದಲ್ಲಿ ಯಾವ ವ್ಯತ್ಯಾಸ ಪರವಾಗಿಲ್ಲ, ಯಾವುದು ಅಪಾಯ ಅಂತ ಅವರಿಗೆ ಗೊತ್ತಿರೋದಿಲ್ಲ, ಗೊತ್ತಿರಬೇಕು ಅಂತ ಕೇಳೋದೂ ಅನ್ಯಾಯ. ಎರಡನ್ನೂ ಬಲ್ಲವರು ಬೇಕು. ಅಂಥವರು ಈ ದೇಶದಲ್ಲಿ ಇದ್ದಾರೆ. ಫ್ರೈಬುರ್ಗ್ ವಿಶ್ವವಿದ್ಯಾಲಯದಿಂದ ನಡೆಯುವ ಗ್ಯಾಲಕ್ಸಿ ಯುರೋಪ್ ಸರ್ವರಿನಲ್ಲಿ ಕಮಾಂಡ್ ಲೈನ್ ಗೊತ್ತಿಲ್ಲದ ಜೀವಶಾಸ್ತ್ರಜ್ಞರೂ ಲೆಕ್ಕ ಓಡಿಸಬಹುದು. ಅಲ್ಲಿನ ಬ್ಯೋರ್ನ್ ಗ್ರ್ಯೂನಿಂಗ್, ಸ್ನೇಕ್‌ಮೇಕ್ ಬರೆದ ಯೋಹಾನೆಸ್ ಕ್ಯೋಸ್ಟರ್ ಮತ್ತು ಜೊತೆಗಾರರು ಸೇರಿ ಕಟ್ಟಿದ ಬಯೋಕೊಂಡಾ ಭಂಡಾರದ ಬಗ್ಗೆ 2018ರಲ್ಲಿ ನೇಚರ್ ಮೆಥಡ್ಸ್‌ನಲ್ಲಿ ಲೇಖನ ಬಂತು. ಜೀವವಿಜ್ಞಾನದ ಸಾವಿರಾರು ಸಾಫ್ಟ್‌ವೇರುಗಳನ್ನು ಅದರ ಕೊಡುಗೆದಾರರು ಮೊದಲೇ ರುಬ್ಬಿ ಪ್ಯಾಕೆಟ್ ಮಾಡಿಟ್ಟಿರ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೂತು ಇದನ್ನು ಕೇಳ್ತಿರೋ ಎಷ್ಟೋ ಸಂಶೋಧಕರು ದಿನಾ ಅದೇ ಹಿಟ್ಟಿನಲ್ಲಿ ಇಡ್ಲಿ ಬೇಯಿಸ್ತಿದ್ದಾರೆ. ಈ ಕೆಲಸವೂ ವಿಜ್ಞಾನ ಅಂತ ಕೆಲವರಾದರೂ ಒಪ್ಪಿದ್ದರಿಂದ ಇದು ನಡೀತು. ಆದರೆ ಒಂದೊಂದು ಸಣ್ಣ ಲ್ಯಾಬಿನ ಒಳಗೆ, ನಮ್ಮ ನಮ್ಮ ಪೈಪ್‌ಲೈನಿಗೆ, ಅಂಥವರು ಯಾರಿದ್ದಾರೆ? ಒಂದು ವಿಭಾಗಕ್ಕೆ ಒಬ್ಬರಾದರೂ ಕಾಯಂ ಆಗಿರಲಿ ಅಂತ ನಾನು ಕೇಳ್ತಿರೋದು. ಮೈಕ್ರೋಸ್ಕೋಪು ನೋಡಿಕೊಳ್ಳೋಕೆ ಕಾಯಂ ತಂತ್ರಜ್ಞರು ಇರೋದಿಲ್ಲವೇ? ಲಕ್ಷಾಂತರ ಯೂರೋದ ಯಂತ್ರವನ್ನು ಮೂರು ವರ್ಷಕ್ಕೊಬ್ಬ ಹೊಸ ವಿದ್ಯಾರ್ಥಿಯ ಕೈಗೆ ಯಾರೂ ಕೊಡೋದಿಲ್ಲ. ನಮ್ಮ ಪೈಪ್‌ಲೈನಿಗೆ ಬೆಲೆಪಟ್ಟಿ ಇಲ್ಲ, ಅದಕ್ಕೇ ಕೊಡ್ತಾರೆ.

ಹುದ್ದೆ ಸೃಷ್ಟಿ ಮಾಡೋದು ನನ್ನ ಕೈಯಲ್ಲಿಲ್ಲ. ಕೈಯಲ್ಲಿದ್ದ ಒಂದು ಕೆಲಸ ಮಾಡಿದೆ. ಆ ಹುಡುಗಿಯ ಪ್ರಬಂಧದಲ್ಲಿ ಈ ನಾಲ್ಕು ದಿನದ ಬಗ್ಗೆ ನಾಲ್ಕು ಪುಟದ ಅನುಬಂಧ ಬರೆಸಿದೆ. ಏನು ಕೆಟ್ಟಿತು, ಯಾವ ತಾರೀಕು, ಯಾವ ಯಂತ್ರದಲ್ಲಿ ನಡೆಯಿತು, ಯಾವುದರಲ್ಲಿ ಇಲ್ಲ, ಯಾವ ಊಹೆ ಸುಳ್ಳಾಯಿತು, ಕೊನೆಗೆ ಕೋಷ್ಟಕ ಹೋಲಿಸಿದ್ದು ಹೇಗೆ, ಎಲ್ಲ. ಮೊದಲು ಅವಳಿಗೇ ಸಂಕೋಚ. "ಇದೆಲ್ಲ ಯಾರ್ ಓದ್ತಾರ್ರಿ ಅಕ್ಕಾರ, ನನ್ನ ದಡ್ಡತನ ಊರಿಗೆಲ್ಲ ಸಾರಿದಂಗ ಆಗ್ತದ" ಅಂದಳು. ಎರಡನೇ ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಕೇಳಿದ್ದು ಆ ಅನುಬಂಧದ ಬಗ್ಗೆಯೇ.

2024ರ ಜೂನ್ 16ರಂದು ನಂಪೈ 2.0 ಬಂತು. ಪೈಥಾನಿನಲ್ಲಿ ಲೆಕ್ಕ ಮಾಡುವ ಎಲ್ಲರೂ ನಿಂತಿರೋದು ನಂಪೈ ಮೇಲೆ. 2006ರ ನಂತರ ಅದರ ಮೊದಲ ದೊಡ್ಡ ಆವೃತ್ತಿ ಬದಲಾವಣೆ ಅದು. ಆ ತಂಡ ತಿಂಗಳುಗಟ್ಟಲೆ ಮೊದಲೇ ಎಲ್ಲರಿಗೂ ಹೇಳಿತ್ತು. ಆದರೂ ನಮ್ಮ ಲ್ಯಾಬಿಗೆ ಆಗಷ್ಟೇ ಸೇರಿದ್ದ ಹುಡುಗನ ಪರದೆಯ ಮೇಲೆ ಹೊಸ ಸಾಲು ಬಂತು: ಡೀಟೈಪ್‌ನ ಗಾತ್ರ ಬದಲಾಗಿದೆ, ನಿರೀಕ್ಷಿಸಿದ್ದು 96, ಸಿಕ್ಕಿದ್ದು 88. ಹಳೆಯ ನಂಪೈಗೆ ಅಂತ ಕಟ್ಟಿದ ಪ್ಯಾಕೇಜೊಂದು ಹೊಸ ನಂಪೈ ಪಕ್ಕ ಕೂತಿತ್ತು. ನಮ್ಮ ಪಟ್ಟಿಗೆ ಆಮೇಲೆ ಸೇರಿಸಿದ ಒಂದು ಹೆಸರಿಗೆ ಮೊಳೆ ಹೊಡೆಯೋದು ಮರೆತಿದ್ದೆವು, ಅದು ನಂಪೈಯನ್ನು ಎಳೆದುಕೊಂಡು ಬಂದಿತ್ತು. ತಪ್ಪು ನನ್ನದೇ. ಆ ಹುಡುಗ ಅನುಬಂಧ ತೆಗೆದು ಪಕ್ಕದಲ್ಲಿ ಇಟ್ಟುಕೊಂಡ. ಮೇಲಿನಿಂದ ಓದಿದ, ತಾರೀಕು ನೋಡಿದ, ಖಾಲಿ ಪರಿಸರದಲ್ಲಿ ಒಂದೊಂದೇ ಬದಲಾಯಿಸಿದ. ಊಟದ ಹೊತ್ತಿಗೆ ಮುಗಿಸಿದ್ದ. ಗುರುವಾರದ ಅವನ ಸ್ಲೈಡಿನಲ್ಲಿ ಅದಕ್ಕೊಂದು ಶೀರ್ಷಿಕೆ ಇತ್ತು, ಕೆಳಗೆ ಮೂರು ಸಾಲು ವಿವರಣೆ ಇತ್ತು. ಮೀಟಿಂಗಿನಲ್ಲಿ ಈ ಸಲ ಪ್ರಶ್ನೆಗಳೂ ಬಂದವು.

ನಿಮ್ಮ ಲ್ಯಾಬಿನಲ್ಲೋ ಕಚೇರಿಯಲ್ಲೋ ಏನೂ ಮುಟ್ಟದೆ ಕೆಟ್ಟದ್ದು ಯಾವುದಾದರೂ ಇದ್ದರೆ ನಮಗೆ ಬರೆದು ಕಳಿಸಿ. ಕೆಂಪು ಅಕ್ಷರಗಳನ್ನು ಮೇಲಿನಿಂದ ಕಳಿಸಿ, ಕೊನೆಯ ಸಾಲು ಮಾತ್ರ ಅಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಅತಿಥಿಗಳಿರ್ತಾರೆ.